ಅರಳಿ ಬೀಜ ಮೊಳೆಯಲು ಕಾಗೆಯ ಹೊಟ್ಟೆ ಬೇಕೇ ಬೇಕೆ? ಬೀಜಗಳ ಬೆನ್ನು ಹತ್ತಿದ ಹುಚ್ಚು ರಿಡ್ಲಿಯ ಕಥೆ

ಪಿತೃಪಕ್ಷ ಹತ್ತಿರ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ತಪ್ಪದೆ ಓಡಾಡುತ್ತದೆ. ಅರಳಿ ಮತ್ತು ಆಲದ ಬೀಜವನ್ನು ಮನುಷ್ಯರು ಬಿತ್ತಿದರೆ ಹುಟ್ಟುವುದೇ ಇಲ್ಲ, ಕಾಗೆಯ ಹೊಟ್ಟೆಯೊಳಗೆ ಹೋಗಿ ಹೊರಗೆ ಬಂದರೆ ಮಾತ್ರ ಮೊಳೆಯುತ್ತದೆ, ಅದಕ್ಕೇ ಹಿರಿಯರು ಕಾಗೆಗೆ ಅನ್ನ ಇಡುವ ಪದ್ಧತಿ ಮಾಡಿದರು ಎನ್ನುವುದು ಅದರ ಸಾರ. ನಿಮಗೂ ಬಂದಿರಬಹುದು, ನೀವೂ ನಾಲ್ಕು ಜನಕ್ಕೆ ಕಳಿಸಿರಬಹುದು.

ಕಾಗೆಗೆ ಅನ್ನ ಇಡುವುದು ನಂಬಿಕೆಯ ವಿಷಯ, ಅದು ಅವರವರಿಗೆ ಬಿಟ್ಟದ್ದು. ಆದರೆ ಬೀಜ ಮೊಳೆಯುತ್ತದೋ ಇಲ್ಲವೋ ಎನ್ನುವುದು ಯಾರು ಬೇಕಾದರೂ ಬಿತ್ತಿ ನೋಡಬಹುದಾದ ಸಂಗತಿ. ಆ ಸಂದೇಶದಲ್ಲಿ ಅರ್ಧ ನಿಜವಿದೆ, ಅರ್ಧ ತಪ್ಪಿದೆ. ಯಾವುದು ಯಾವ ಅರ್ಧ ಎಂದು ತಿಳಿಯಬೇಕಾದರೆ ಅದಕ್ಕಿಂತ ದೊಡ್ಡ ಪ್ರಶ್ನೆಯೊಂದನ್ನು ಕೇಳಬೇಕು. ಗಿಡಮರಗಳು ತಮ್ಮ ಬೀಜವನ್ನು ದೂರ ಕಳಿಸುವುದಾದರೂ ಯಾಕೆ? ಕಾಲ ಬುಡದಲ್ಲೇ ಉದುರಿಸಿದರೆ ಆಗದೇ?

ಈ ಪ್ರಶ್ನೆಯ ಹಿಂದೆ ತನ್ನ ನೂರು ವರ್ಷದ ಬದುಕಿನ ಬಹುಭಾಗವನ್ನು ಕಳೆದ ಒಬ್ಬ ಸಸ್ಯವಿಜ್ಞಾನಿ ಇದ್ದರು. ಅವರ ಕೆಲಸದ ಗುರುತು ನಮ್ಮ ಮಲೆನಾಡಿನ ತೋಟಗಳಲ್ಲೇ ಇದೆ.

ತೋಟದಲ್ಲಿ ಚಟ್ ಎನ್ನುವ ಸದ್ದು

ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲು ಕಡೆಯವರಿಗೆ ಅಡಿಕೆ, ಕಾಫಿಯ ಜೊತೆಗೆ ರಬ್ಬರ್ ಕೂಡ ಹೊಸ ಬೆಳೆಯೇನಲ್ಲ. ಮಳೆ ಸ್ವಲ್ಪ ಬಿಡುವು ಕೊಟ್ಟು ಚುರುಕು ಬಿಸಿಲು ಬಿದ್ದ ದಿನ ರಬ್ಬರ್ ತೋಟದಲ್ಲಿ ನಿಂತರೆ ಮೇಲಿನಿಂದ ಚಟ್, ಚಟ್ ಎಂದು ಸದ್ದು ಕೇಳುತ್ತದೆ. ಆಮೇಲೆ ಒಣಗಿದ ಎಲೆಯ ಮೇಲೆ ಏನೋ ಬಿದ್ದ ಸದ್ದು. ನೋಡಿದರೆ ಕಂದು ಬಣ್ಣದ, ಚುಕ್ಕೆ ಚುಕ್ಕೆಯ ನುಣುಪಾದ ಬೀಜ.

ರಬ್ಬರ್ ಕಾಯಿಯಲ್ಲಿ ಸಾಮಾನ್ಯವಾಗಿ ಮೂರು ಕೋಣೆ, ಕೋಣೆಗೊಂದು ಬೀಜ. ಹೊರಗಿನ ಗಟ್ಟಿ ಸಿಪ್ಪೆ ಒಣಗುವಾಗ ಒಳಗೊಳಗೇ ಬಿಗಿಯುತ್ತಾ ಹೋಗುತ್ತದೆ. ಆ ಬಿಗಿತ ತಡೆಯಲಾರದ ಹಂತಕ್ಕೆ ಬಂದಾಗ ಕಾಯಿ ಒಡೆದು ಬೀಜ ಸಿಡಿಯುತ್ತದೆ, 15 ಮೀಟರ್‌ಗೂ ಆಚೆ ಹೋಗಿ ಬೀಳಬಲ್ಲದು. ಹರಳು ಗಿಡದ ಕಾಯಿ ಸಿಡಿಯುವುದನ್ನು ನೋಡಿದ್ದೀರಲ್ಲ? ರಬ್ಬರ್ ಅದೇ ಕುಟುಂಬದ ಮರ. ಅದರ ಹುಟ್ಟೂರು ದಕ್ಷಿಣ ಅಮೆರಿಕದ ಅಮೆಜಾನ್ ಕಾಡು. ಅಲ್ಲಿ ಸಿಡಿದ ಬೀಜ ಹೊಳೆಗೆ ಬಿದ್ದರೆ ತೇಲಿಕೊಂಡು ಇನ್ನಷ್ಟು ದೂರ ಹೋಗುತ್ತದೆ.

ಸಿಡಿದರೆ 15 ಮೀಟರ್, ತೇಲಿದರೆ ಕೆಲವು ಮೈಲಿ. ಹಾಗಿದ್ದ ಮೇಲೆ ಅದು ಸಾಗರ ದಾಟಿ ಕಡಹಿನಬೈಲಿಗೆ ಬಂದದ್ದು ಹೇಗೆ? ಆ ದಾರಿಯಲ್ಲಿ ಸಿಗುವ ಮುಖ್ಯ ಹೆಸರು ಹೆನ್ರಿ ನಿಕೋಲಸ್ ರಿಡ್ಲಿ.

ಪಾದ್ರಿಯ ಮಗ, ದ್ವೀಪದ ಪ್ರಶ್ನೆ

ರಿಡ್ಲಿ ಹುಟ್ಟಿದ್ದು 1855ರ ಡಿಸೆಂಬರ್ 10ರಂದು, ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ವೆಸ್ಟ್ ಹಾರ್ಲಿಂಗ್ ಎಂಬ ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ. ಆಕ್ಸ್‌ಫರ್ಡ್‌ನಲ್ಲಿ ಓದು ಮುಗಿಸಿ, 1880ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಸಸ್ಯ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು. ಪ್ರಪಂಚದ ಮೂಲೆ ಮೂಲೆಯಿಂದ ಬಂದ ಒಣಗಿದ ಗಿಡಗಳನ್ನು ಗುರುತಿಸಿ ಜೋಡಿಸಿಡುವ ಕೆಲಸ ಅದು.

1887ರಲ್ಲಿ ಅವರಿಗೆ ಬ್ರೆಜಿಲ್ ಕರಾವಳಿಯಿಂದ ಸುಮಾರು 350 ಕಿಲೋಮೀಟರ್ ದೂರದ ಫೆರ್ನಾಂಡೊ ಡಿ ನೊರೊನ್ಹಾ ಎಂಬ ಪುಟ್ಟ ದ್ವೀಪಕ್ಕೆ ಹೋಗುವ ಅವಕಾಶ ಸಿಕ್ಕಿತು. ಸಮುದ್ರದ ನಡುವೆ ಜ್ವಾಲಾಮುಖಿಯಿಂದ ಎದ್ದ ದ್ವೀಪ ಅದು. ಎಂದೂ ಖಂಡಕ್ಕೆ ಅಂಟಿಕೊಂಡಿದ್ದ ನೆಲವಲ್ಲ. ಆದರೂ ಅಲ್ಲಿ ಗಿಡಮರಗಳಿದ್ದವು. ಅಂದ ಮೇಲೆ ಅವೆಲ್ಲ ಎಲ್ಲಿಂದಲೋ ಬಂದಿರಲೇಬೇಕು. ಗಾಳಿಯಲ್ಲಿ ಬಂದವೇ, ನೀರಿನಲ್ಲಿ ತೇಲಿದವೇ, ಹಕ್ಕಿಯ ಹೊಟ್ಟೆಯಲ್ಲಿ ಬಂದವೇ, ಅಥವಾ ನಾವಿಕರ ಜೊತೆಗೇ?

ಇದೇ ಪ್ರಶ್ನೆಯನ್ನು ಹಿಂದಿನ ತಲೆಮಾರಿನಲ್ಲಿ ಚಾರ್ಲ್ಸ್ ಡಾರ್ವಿನ್ ಕೂಡ ಬೆನ್ನು ಹತ್ತಿದ್ದರು. ಉಪ್ಪು ನೀರಿನ ಬಾಟಲಿಗಳಲ್ಲಿ ಬೀಜ ನೆನೆಹಾಕಿ, ಎಷ್ಟು ದಿನದ ಮೇಲೂ ಅವು ಮೊಳೆಯುತ್ತವೆ ಎಂದು ಮನೆಯಲ್ಲೇ ಲೆಕ್ಕ ಇಟ್ಟಿದ್ದರು. ಡಾರ್ವಿನ್‌ಗೆ ಅದು ಹಲವು ಪ್ರಶ್ನೆಗಳಲ್ಲಿ ಒಂದು. ರಿಡ್ಲಿಗೆ ಅದು ಜೀವಮಾನದ ಗೀಳಾಯಿತು. ಅಂದಿನಿಂದ ಮುಂದಿನ 40 ವರ್ಷ, ಎಲ್ಲಿ ಹೋದರೂ ಯಾವ ಬೀಜ ಹೇಗೆ ಪಯಣಿಸಿತು ಎಂಬ ಟಿಪ್ಪಣಿಗಳನ್ನು ಅವರು ಕೂಡಿಡುತ್ತಾ ಹೋದರು.

ಜೇಬಿನ ತುಂಬ ರಬ್ಬರ್ ಬೀಜ

1888ರಲ್ಲಿ ರಿಡ್ಲಿ ಸಿಂಗಪುರದ ಸಸ್ಯೋದ್ಯಾನದ ನಿರ್ದೇಶಕರಾಗಿ ಬಂದರು. ಅದೇ ವರ್ಷ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದರು. ಈ ಎರಡು ಸುದ್ದಿಗೂ ಸಂಬಂಧವಿದೆ ಎಂದು ಆಗ ಯಾರಿಗೂ ಅನ್ನಿಸಿರಲಾರದು.

ರಬ್ಬರ್ ಬೀಜ ಏಷ್ಯಾಕ್ಕೆ ಹೊರಟದ್ದು ಅದಕ್ಕೂ ಮೊದಲೇ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವರು ಅಮೆಜಾನಿನಿಂದ ಸುಮಾರು 70,000 ಬೀಜಗಳನ್ನು ಹಡಗಿನಲ್ಲಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ತಂದರು. ಎಣ್ಣೆ ತುಂಬಿದ ಈ ಬೀಜ ಬಹಳ ಬೇಗ ಸಾಯುತ್ತದೆ. ಮೊಳೆತದ್ದು ಮೂರು ಸಾವಿರಕ್ಕಿಂತ ಕಡಿಮೆ. ಸಸಿಗಳಲ್ಲಿ ಹೆಚ್ಚಿನವು ಸಿಲೋನಿಗೆ ಹೋದವು, 1877ರಲ್ಲಿ 22 ಸಸಿಗಳು ಸಿಂಗಪುರಕ್ಕೆ ಬಂದವು. ರಿಡ್ಲಿ ಬರುವ ಹೊತ್ತಿಗೆ ಅವು ಮರಗಳಾಗಿದ್ದವು, ಆದರೆ ಅವುಗಳ ಮೇಲೆ ಯಾರಿಗೂ ಆಸಕ್ತಿ ಇರಲಿಲ್ಲ. ಮಲಯದ ತೋಟಗಾರರಿಗೆ ಆಗ ಕಾಫಿಯೇ ಬೆಳೆ.

ರಿಡ್ಲಿ ಎರಡು ಮುಖ್ಯ ಕೆಲಸ ಮಾಡಿದರು. ಮೊದಲನೆಯದು ಹಾಲು ತೆಗೆಯುವ ಕ್ರಮ. ಬ್ರೆಜಿಲ್ಲಿನಲ್ಲಿ ಚಿಕ್ಕ ಕೊಡಲಿಯಿಂದ ಮರಕ್ಕೆ ಕಚ್ಚು ಹಾಕುತ್ತಿದ್ದರು, ಏಟು ಒಳಗಿನ ಕಟ್ಟಿಗೆಗೂ ತಾಗಿ ಮರ ಹಾಳಾಗುತ್ತಿತ್ತು. ರಿಡ್ಲಿ ತೊಗಟೆಯನ್ನು ಮಾತ್ರ ಓರೆಯಾಗಿ, ತೆಳ್ಳಗೆ ಹೆರೆಯುವ ವಿಧಾನ ರೂಪಿಸಿದರು. ಮತ್ತೆ ಹಾಲು ತೆಗೆಯುವಾಗ ಅದೇ ಗಾಯದ ಅಂಚನ್ನು ಇನ್ನೊಂದು ಎಳೆಯಷ್ಟು ಹೆರೆದರೆ ಸಾಕು. ಹಾಲು ಹೆಚ್ಚು ಬರುತ್ತದೆ, ತೊಗಟೆ ಮತ್ತೆ ಬೆಳೆಯುತ್ತದೆ, ಮರವೂ ಉಳಿಯುತ್ತದೆ. ಬೆಳಗಿನ ಜಾವ ತಲೆಗೆ ಟಾರ್ಚ್ ಕಟ್ಟಿಕೊಂಡು ನಮ್ಮ ಟ್ಯಾಪರ್‌ಗಳು ಮಾಡುವ ಕೆಲಸದ ಮೂಲ ಅಲ್ಲಿದೆ.

ಎರಡನೆಯದು ಬೀಜದ ಪಯಣ. ಸ್ವಲ್ಪ ತೇವ ಮಾಡಿದ ಇದ್ದಿಲ ಪುಡಿಯಲ್ಲಿ ತುಂಬಿಟ್ಟರೆ ರಬ್ಬರ್ ಬೀಜ ದೂರದ ಹಡಗು ಪಯಣದಲ್ಲೂ ಜೀವ ಹಿಡಿದಿರುತ್ತದೆ ಎಂದು ಅವರು ತೋರಿಸಿದರು. ಆಮೇಲೆ ಕಂಡ ಕಂಡ ತೋಟಗಾರರಿಗೆಲ್ಲ ಬೀಜ ಕೊಟ್ಟು ಬಿತ್ತಿ ಎಂದು ದುಂಬಾಲು ಬಿದ್ದರು. ಜೇಬಿನಲ್ಲಿ ಬೀಜ ತುಂಬಿಕೊಂಡು ತಿರುಗುವ ಈ ಮನುಷ್ಯನನ್ನು ಜನ ಹುಚ್ಚು ರಿಡ್ಲಿ ಎಂದು ಕರೆದರು. 1896ರಲ್ಲಿ ಮಲಾಕಾದ ಟಾನ್ ಚಾಯ್ ಯಾನ್ ಎಂಬ ಚೀನೀ ಮೂಲದ ತೋಟಗಾರರು ಅವರ ಮಾತು ನಂಬಿ ಮೊದಲ ರಬ್ಬರ್ ತೋಟ ಮಾಡಿದರು. ಅಷ್ಟರಲ್ಲಿ ಕಾಫಿಯ ಬೆಲೆ ಕುಸಿಯಿತು, ಸೈಕಲ್ಲು ಕಾರುಗಳು ಹೆಚ್ಚಿದವು. ಹುಚ್ಚು ರಿಡ್ಲಿ ರಬ್ಬರ್ ರಿಡ್ಲಿಯಾದರು. ಸಿಂಗಪುರದ ಉದ್ಯಾನದಿಂದ ಲಕ್ಷಾಂತರ ಬೀಜಗಳು ಹೊರಟವು. 1913ರ ಹೊತ್ತಿಗೆ ಏಷ್ಯಾದ ತೋಟಗಳ ರಬ್ಬರ್ ಬ್ರೆಜಿಲ್ಲಿನ ಕಾಡು ರಬ್ಬರನ್ನು ಹಿಂದೆ ಹಾಕಿತ್ತು.

ಭಾರತದಲ್ಲಿ ವಾಣಿಜ್ಯ ಪ್ರಮಾಣದ ಮೊದಲ ತೋಟ ಎದ್ದದ್ದು 1902ರಲ್ಲಿ, ಕೇರಳದ ಪೆರಿಯಾರ್ ದಂಡೆಯ ತಟ್ಟೇಕ್ಕಾಡಿನಲ್ಲಿ. ಅಲ್ಲಿಂದ ಘಟ್ಟದ ಸಾಲು ಹಿಡಿದು ರಬ್ಬರ್ ನಮ್ಮ ಕಡೆಗೂ ಬಂತು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಮಲಯದಲ್ಲಿ ರಬ್ಬರಿಗಾಗಿ ದೊಡ್ಡ ದೊಡ್ಡ ಕಾಡುಗಳು ನೆಲಸಮವಾದವು. ತಮಿಳು ಸೀಮೆಯಿಂದ ಕರೆದೊಯ್ದ ಸಾವಿರಾರು ಕೂಲಿಗಳು ಆ ತೋಟಗಳಲ್ಲಿ ಕಷ್ಟದ ಬದುಕು ಕಂಡರು. ಬಿತ್ತಿದ್ದು ಸಾಮ್ರಾಜ್ಯದ ಲಾಭಕ್ಕಾಗಿ ಎನ್ನುವುದನ್ನು ಮರೆಯುವಂತಿಲ್ಲ.

74ರ ವಯಸ್ಸಿನಲ್ಲಿ ಒಂದು ಮಹಾ ಪುಸ್ತಕ

1912ರ ಹೊತ್ತಿಗೆ ರಿಡ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿ, ಕ್ಯೂ ಉದ್ಯಾನದ ಹತ್ತಿರವೇ ಮನೆ ಮಾಡಿದರು. ಮಲಯದ ಸಸ್ಯಗಳ ಬಗ್ಗೆ ಐದು ಸಂಪುಟ ಬರೆದು ಮುಗಿಸಿದರು. ಆಮೇಲೆ, ದ್ವೀಪದ ದಿನಗಳಿಂದ ಕೂಡಿಟ್ಟಿದ್ದ ಟಿಪ್ಪಣಿಗಳನ್ನೆಲ್ಲ ಸೇರಿಸಿ, 1930ರಲ್ಲಿ ಪ್ರಪಂಚದ ಸಸ್ಯಗಳ ಪ್ರಸರಣದ ಬಗ್ಗೆ 700ಕ್ಕೂ ಹೆಚ್ಚು ಪುಟಗಳ ಪುಸ್ತಕ ಹೊರತಂದರು. ಇಂದಿಗೂ ಬೀಜ ಪ್ರಸರಣದ ಸಂಶೋಧಕರು ಅದನ್ನು ತೆರೆದು ನೋಡುತ್ತಾರೆ.

ಅದರ ವಿಂಗಡಣೆ ನಮಗೆ ಗೊತ್ತಿರುವ ಗಿಡಗಳಿಗೂ ಹೊಂದುತ್ತದೆ. ಗಾಳಿಯಲ್ಲಿ ಹೋಗುವವು ಎಂದರೆ ಎಕ್ಕ ಮತ್ತು ಬೂರುಗದ ಹತ್ತಿ, ಕಿರಾಲಬೋಗಿಯ ರೆಕ್ಕೆ ಕಾಯಿ. ನೀರಿನಲ್ಲಿ ಹೋಗುವುದಕ್ಕೆ ತೆಂಗು. ಬಟ್ಟೆಗೆ, ದನದ ಮೈಗೆ ಅಂಟಿಕೊಂಡು ಹೋಗುವುದಕ್ಕೆ ಉತ್ತರಾಣಿ. ತಾನೇ ಸಿಡಿಯುವುದಕ್ಕೆ ಕರ್ಣಕುಂಡಲ, ಹರಳು, ರಬ್ಬರ್. ಪ್ರಾಣಿ ಪಕ್ಷಿಗಳ ಬಾಯಿ ಅಥವಾ ಹೊಟ್ಟೆಯ ದಾರಿ ಹಿಡಿಯುವವು ಬೈನೆ, ರಾಮಪತ್ರೆ, ಆಲ, ಅರಳಿ. ಕೊನೆಗೆ ಮನುಷ್ಯ. ಕಾಫಿ, ಮೆಣಸಿನಕಾಯಿ, ಗೋಡಂಬಿ, ಲಂಟಾನ ಎಲ್ಲವೂ ನಮ್ಮ ಊರಿಗೆ ಬಂದದ್ದು ಮನುಷ್ಯರ ಕೈಯಿಂದ.

ಹೇಗೆ ಎನ್ನುವುದಕ್ಕಿಂತ ಯಾಕೆ ಎನ್ನುವುದು ಮುಖ್ಯ. ತಾಯಿ ಮರದ ಕೆಳಗೆ ಬಿದ್ದ ಬೀಜಕ್ಕೆ ಬಿಸಿಲು ಕಡಿಮೆ, ನೀರಿಗೂ ಗೊಬ್ಬರಕ್ಕೂ ತಾಯಿಯೊಂದಿಗೇ ಪೈಪೋಟಿ. ಇದು ಶಾಲೆಯ ಪಠ್ಯದಲ್ಲೂ ಇದೆ. ರಿಡ್ಲಿ ಇನ್ನೊಂದು ಕಾರಣವನ್ನೂ ಗಮನಿಸಿದ್ದರು. ಒಂದೇ ಜಾತಿಯ ಗಿಡಗಳು ಒತ್ತೊತ್ತಾಗಿ ಬೆಳೆದಲ್ಲಿ ಅವನ್ನು ತಿನ್ನುವ ಹುಳುಗಳೂ, ಕಾಡುವ ರೋಗಗಳೂ ಅಲ್ಲೇ ಸೇರಿಕೊಳ್ಳುತ್ತವೆ. ದೂರ ಹೋಗಿ ಬಿದ್ದ ಒಂಟಿ ಬೀಜ ಆ ಶತ್ರುಗಳ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಇಲ್ಲೊಂದು ಎಚ್ಚರ. ಮರ ಯೋಚನೆ ಮಾಡಿ ಬೀಜ ಕಳಿಸುವುದಿಲ್ಲ. ದೂರ ಹೋಗಬಲ್ಲ ಬೀಜಗಳ ಮಕ್ಕಳು ಹೆಚ್ಚು ಬದುಕಿದವು, ಬುಡದಲ್ಲೇ ಬಿದ್ದವು ಹೆಚ್ಚು ಸತ್ತವು. ಲಕ್ಷಾಂತರ ವರ್ಷ ಹೀಗೇ ನಡೆದಾಗ ರೆಕ್ಕೆ, ಹತ್ತಿ, ಕೊಕ್ಕೆ, ಸಿಹಿ ಹಣ್ಣು ಉಳಿದುಕೊಂಡವು. ನಾವು ಮಾತಿನ ಸುಲಭಕ್ಕೆ ಮರ ಕಳಿಸುತ್ತದೆ ಎನ್ನುತ್ತೇವೆ, ಅಷ್ಟೆ.

ಫೋರ್ಡ್ ಸೋತ ಕಾಡು

ರಿಡ್ಲಿ ಗಮನಿಸಿದ್ದು ಎಷ್ಟು ನಿಜ ಎಂಬುದನ್ನು ಅವರಿಗೆ ಹೆಸರು ತಂದ ರಬ್ಬರ್ ಮರವೇ ತೋರಿಸಿತು, ಅದೂ ಆ ಪುಸ್ತಕ ಹೊರಬಂದ ಕಾಲದಲ್ಲೇ.

1928ರಲ್ಲಿ ಕಾರು ತಯಾರಕ ಹೆನ್ರಿ ಫೋರ್ಡ್ ಅವರ ಕಂಪನಿ ಅಮೆಜಾನಿನಲ್ಲಿ, ಅಂದರೆ ರಬ್ಬರಿನ ತವರಿನಲ್ಲೇ, ದೊಡ್ಡ ತೋಟ ಶುರು ಮಾಡಿತು. ಅದಕ್ಕೆ ಫೋರ್ಡ್‌ಲ್ಯಾಂಡಿಯಾ ಎಂದು ಹೆಸರು. ತವರಿನ ಮಣ್ಣು, ತವರಿನ ಮಳೆ, ಕೈತುಂಬ ಹಣ. ಆದರೆ ಮರಗಳು ಬೆಳೆದು ಒಂದರ ಎಲೆ ಇನ್ನೊಂದಕ್ಕೆ ತಾಗುತ್ತಿದ್ದಂತೆ ಒಂದು ಬಗೆಯ ಶಿಲೀಂಧ್ರ ಎಲೆಗಳನ್ನೆಲ್ಲ ಉದುರಿಸಿತು. ಕಾಡಿನಲ್ಲಿ ರಬ್ಬರ್ ಮರಗಳು ಒಂದಕ್ಕೊಂದು ದೂರ ದೂರ, ನಡುವೆ ಬೇರೆ ಬೇರೆ ಜಾತಿಯ ಮರಗಳೊಂದಿಗೆ ಇರುತ್ತವೆ. ಹಾಗಾಗಿ ರೋಗ ಅಲ್ಲಿ ಇದ್ದರೂ ಸುಲಭವಾಗಿ ಹಬ್ಬದು. ತೋಟದಲ್ಲಿ ಅದಕ್ಕೆ ಎಲೆಯಿಂದ ಎಲೆಗೆ ದಾರಿ ಸಿಕ್ಕಿತು. ಇನ್ನೊಂದು ಜಾಗದಲ್ಲಿ ಮತ್ತೆ ನೆಟ್ಟು ನೋಡಿದರೂ ಅದೇ ಕಾಟ. 1945ರಲ್ಲಿ ಕಂಪನಿ ಎಲ್ಲವನ್ನೂ ಬ್ರೆಜಿಲ್ ಸರ್ಕಾರಕ್ಕೆ ಕೊಟ್ಟು ಹೊರನಡೆಯಿತು.

ಹಾಗಾದರೆ ಏಷ್ಯಾದಲ್ಲಿ ಒತ್ತಾಗಿ ನೆಟ್ಟರೂ ರಬ್ಬರ್ ಉಳಿದದ್ದು ಹೇಗೆ? ಇಲ್ಲಿಗೆ ಬೀಜ ಬಂತು, ಆ ರೋಗ ಬರಲಿಲ್ಲ. ಸಾಗರದಷ್ಟು ದೂರ ಅದನ್ನು ಶತ್ರುವಿನಿಂದ ಕಾಪಾಡಿತು. ಇಂದಿಗೂ ಆ ಎಲೆ ರೋಗ ಏಷ್ಯಾಕ್ಕೆ ಕಾಲಿಟ್ಟಿಲ್ಲ. ಅದಕ್ಕೇ ದಕ್ಷಿಣ ಅಮೆರಿಕದಿಂದ ರಬ್ಬರ್ ಗಿಡ ತರುವುದಕ್ಕೆ ಕಟ್ಟುನಿಟ್ಟಿನ ನಿರ್ಬಂಧಗಳಿವೆ.

ರಿಡ್ಲಿ 80 ದಾಟಿದ ಮೇಲೆ ಮದುವೆಯಾದರು. 1950ರಲ್ಲಿ ಲಿನ್ನಿಯನ್ ಸೊಸೈಟಿ ಅವರಿಗೆ ಚಿನ್ನದ ಪದಕ ನೀಡಿತು. ನೂರು ತುಂಬಿದ ಮೇಲೆ, 1956ರ ಅಕ್ಟೋಬರ್ 24ರಂದು ಅವರು ತೀರಿಕೊಂಡರು. ಬೀಜ ಚದುರುವುದರ ಲಾಭವನ್ನು ವಿವರಿಸಿದ ಅದೇ ಮನುಷ್ಯ, ಒಂದೇ ಮರವನ್ನು ಲಕ್ಷಗಟ್ಟಲೆ ಒತ್ತಾಗಿ ನೆಡಿಸಿದವರೂ ಹೌದು. ಒಂದೇ ಬದುಕಿನಲ್ಲಿ ಎರಡೂ ಇದ್ದವು.

ಅವರು ಹೋದ ಮೇಲೆ ಅವರ ಗಮನಿಕೆಗೆ ಗಟ್ಟಿ ಬೆಂಬಲ ಸಿಕ್ಕಿತು. 1970ರಲ್ಲಿ ಡೇನಿಯಲ್ ಜ್ಯಾನ್ಸೆನ್, 1971ರಲ್ಲಿ ಜೋಸೆಫ್ ಕಾನೆಲ್, ಬೇರೆ ಬೇರೆಯಾಗಿ ಇದೇ ವಿಚಾರವನ್ನು ಮುಂದಿಟ್ಟರು. ತಾಯಿ ಮರದ ಸುತ್ತ ಅದರದೇ ಶತ್ರುಗಳು ತುಂಬಿರುವುದರಿಂದ ಅದರ ಮಕ್ಕಳು ಅಲ್ಲಿ ಏಳುವುದು ಕಷ್ಟ, ಆ ಜಾಗ ಬೇರೆ ಜಾತಿಗೆ ಸಿಗುತ್ತದೆ, ಉಷ್ಣವಲಯದ ಕಾಡಿನಲ್ಲಿ ನೂರಾರು ಜಾತಿಯ ಮರಗಳಿರಲು ಇದೂ ಒಂದು ಕಾರಣ ಎಂದು. ಆ ಮೇಲೆ ನಡೆದ ಹಲವು ಅಧ್ಯಯನಗಳು ಇದಕ್ಕೆ ಪುರಾವೆ ಒದಗಿಸಿವೆ. ಎಲ್ಲ ಮರಗಳಲ್ಲೂ ಇದು ಒಂದೇ ಪ್ರಮಾಣದಲ್ಲಿ ಇರುವುದಿಲ್ಲ.

ನಮ್ಮ ತೋಟಕ್ಕೆ ಬಂದರೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಓದುಗರಿಗೆ ಈಗ ಯಾವುದು ನೆನಪಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಅಡಿಕೆಯ ಎಲೆಚುಕ್ಕೆ ರೋಗ. ಅದಕ್ಕೂ ಮೊದಲಿನಿಂದ ಇರುವ ಹಳದಿ ಎಲೆ ರೋಗ, ಮಳೆಗಾಲದ ಕೊಳೆರೋಗ. ಕೊಳೆರೋಗ ತರುವ ಫೈಟಾಫ್ತೊರಾ ವಂಶದ ಜೀವಿಯೇ ಮಳೆಗಾಲದಲ್ಲಿ ರಬ್ಬರಿನ ಎಲೆಯನ್ನೂ ಅಕಾಲದಲ್ಲಿ ಉದುರಿಸುತ್ತದೆ.

ಈ ರೋಗಗಳಿಗೆ ಒತ್ತಾಗಿ ನೆಟ್ಟದ್ದೊಂದೇ ಕಾರಣ ಎನ್ನುವಂತಿಲ್ಲ. ಮಳೆಯ ರೀತಿ, ತೇವ, ಮಣ್ಣು, ತೋಟದ ನಿರ್ವಹಣೆ ಎಲ್ಲವೂ ಸೇರುತ್ತವೆ. ಆದರೆ ಕಣ್ಣು ಹಾಯಿಸಿದಷ್ಟು ದೂರ ಒಂದೇ ಬೆಳೆ ಇದ್ದಲ್ಲಿ ಗಾಳಿ ಮಳೆಯಲ್ಲಿ ಹಾರುವ ರೋಗದ ಬೀಜಕಣಕ್ಕೆ ಮುಂದಿನ ಮನೆ ಹುಡುಕುವ ಕಷ್ಟವೇ ಇರುವುದಿಲ್ಲ. ಗದ್ದೆ, ಹಾಡ್ಯ, ಬೇರೆ ಮರಗಳಿದ್ದ ಜಾಗವೆಲ್ಲ ಅಡಿಕೆಯಾದರೆ ಅದರ ದಾರಿ ಇನ್ನೂ ಸಲೀಸು. ರಬ್ಬರಿನಲ್ಲಿ ಕಸಿ ಕಟ್ಟಿದ ಒಂದೇ ತಳಿಯ ಸಸಿಗಳನ್ನು ನೆಡುವುದರಿಂದ ಒಂದು ಮರಕ್ಕೆ ತಾಗಿದ ರೋಗ ಉಳಿದವಕ್ಕೂ ಅಷ್ಟೇ ಸುಲಭವಾಗಿ ತಾಗಬಹುದು.

ಇನ್ನೊಂದು ಮಾತು. ಬೀಜ ಮತ್ತು ಸಸಿಯನ್ನು ದೂರ ಒಯ್ಯುವ ಪ್ರಾಣಿಗಳಲ್ಲಿ ನಾವೇ ದೊಡ್ಡವರು. ಬೀಜ ದೂರ ಹೋಗುವುದರ ಲಾಭವೇ ರೋಗವನ್ನು ಹಿಂದೆ ಬಿಡುವುದು. ರೋಗ ಬಿದ್ದ ತೋಟದಿಂದ ಸಸಿ ತಂದು ಹೊಸ ತೋಟದಲ್ಲಿ ನೆಟ್ಟರೆ ಆ ಲಾಭವನ್ನು ನಾವೇ ಕಳೆದಂತೆ. ಹಾಗಾಗಿ ಸಸಿ ತರುವ ಮುನ್ನ ಆ ತೋಟ ಆರೋಗ್ಯವಾಗಿದೆಯೇ ಎಂದು ನೋಡಿ.

ಹಾಗಾದರೆ ಕಾಗೆ?

ಈಗ ಆ ಫಾರ್ವರ್ಡ್‌ಗೆ ಮರಳೋಣ.

ಅರಳಿ, ಆಲದ ಬೀಜ ಕಾಗೆಯ ಹೊಟ್ಟೆಗೆ ಹೋಗದೆ ಮೊಳೆಯುವುದಿಲ್ಲ ಎನ್ನುವುದು ತಪ್ಪು. ಚೆನ್ನಾಗಿ ಕಳಿತ ಹಣ್ಣಿನಿಂದ ಬೀಜ ತೆಗೆದು, ತಿರುಳು ಹೋಗುವಂತೆ ತೊಳೆದು, ತೇವ ಆರದ ಮಣ್ಣಿನ ಮೇಲೆ ಉದುರಿಸಿ ಸಸಿ ಮಾಡಬಹುದು. ಹಕ್ಕಿಯ ಹೊಟ್ಟೆ ಮಾಡುವ ಒಂದು ಕೆಲಸವೂ ಇದೇ, ತಿರುಳನ್ನು ತೆಗೆದು ಬೀಜ ಶುಚಿ ಮಾಡುವುದು. ತಿರುಳು ಉಳಿದರೆ ಬೂಸ್ಟು ಹಿಡಿಯುತ್ತದೆ, ಮೊಳಕೆಗೂ ಅಡ್ಡಿಯಾಗುತ್ತದೆ. ಹೊಟ್ಟೆಯೊಳಗೆ ಹೋಗಿ ಬಂದ ಬೀಜ ಕೆಲವು ಗಿಡಗಳಲ್ಲಿ ಚೆನ್ನಾಗಿ ಮೊಳೆಯುತ್ತದೆ, ಕೆಲವದರಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ.

ಕಾಗೆ ಮಾತ್ರ ಎನ್ನುವುದೂ ತಪ್ಪು. ಅರಳಿ, ಆಲದ ಹಣ್ಣಿಗೆ ಕುಟ್ರುಹಕ್ಕಿ, ಪಿಕಳಾರ, ಕೋಗಿಲೆ, ಗೊರವಂಕ, ಹಸಿರು ಪಾರಿವಾಳ, ಮಂಗಟ್ಟೆ, ಬಾವಲಿ ಎಲ್ಲವೂ ಬರುತ್ತವೆ. ಬಾವಲಿ ಹಣ್ಣಡಿಕೆಯ ಸಿಪ್ಪೆ ಚೀಪಿ ಬೇರೆಲ್ಲೋ ಉದುರಿಸಿದ ಅಡಿಕೆಯನ್ನು ಹೆಕ್ಕುವುದು ಮಲೆನಾಡಿನವರಿಗೆ ಗೊತ್ತೇ ಇದೆ.

ನಿಜವಾದ ಅರ್ಧ ಯಾವುದು? ಹಕ್ಕಿಗಳಿಲ್ಲದೆ ಈ ಮರಗಳಿಗೆ ಕಷ್ಟ ಎನ್ನುವುದು. ಆದರೆ ಹಕ್ಕಿ ಬೀಜಕ್ಕೆ ಕೊಡುವುದು ಹೊಸ ಜೀವವನ್ನಲ್ಲ, ದೂರವನ್ನು. ತಾಯಿಯ ನೆರಳಿನಿಂದ, ತಾಯಿಯ ಶತ್ರುಗಳಿಂದ ಆಚೆ, ಯಾವುದೋ ಮರದ ಕವಲಿಗೋ, ಹಳೆಯ ಗೋಡೆಯ ಬಿರುಕಿಗೋ ಅದು ಬೀಜವನ್ನು ತಲುಪಿಸುತ್ತದೆ. ದೊಡ್ಡ ಬೀಜದ ರಾಮಪತ್ರೆಯಂಥ ಮರಗಳಿಗೆ ಮಂಗಟ್ಟೆಯಂಥ ದೊಡ್ಡ ಬಾಯಿಯ ಹಕ್ಕಿಯೇ ಬೇಕು. ಆ ಹಕ್ಕಿ ಇಲ್ಲವಾದರೆ ಮರ ನಿಂತೇ ಇರುತ್ತದೆ, ಹಣ್ಣೂ ಬಿಡುತ್ತದೆ, ಬೀಜವೆಲ್ಲ ಬುಡದಲ್ಲೇ ಬೀಳುತ್ತದೆ. ಅಲ್ಲಿ ಬಿದ್ದ ಬೀಜಕ್ಕೆ ಏನಾಗುತ್ತದೆ ಎಂದು ಈಗ ನಿಮಗೆ ಗೊತ್ತು.

ಮುಂದಿನ ಸಲ ಆ ಸಂದೇಶ ಬಂದಾಗ ಕಳಿಸಿದವರನ್ನು ಹಂಗಿಸಬೇಡಿ. ಅರ್ಧ ಸರಿ ಎಂದು ಹೇಳಿ, ಉಳಿದರ್ಧ ತಿದ್ದಿ ಕಳಿಸಿ. ಬಿಡುವಿದ್ದರೆ ಒಂದು ಅರಳಿ ಹಣ್ಣು ಬಿಡಿಸಿ, ತೊಳೆದು, ಕುಂಡದಲ್ಲಿ ಬಿತ್ತಿ ನೋಡಿ. ಮೊಳಕೆ ಕಂಡರೆ ಅದರ ಫೋಟೋ ಗುಂಪಿಗೆ ಹಾಕಿ. ಆದರೆ ಸಸಿಯನ್ನು ಮನೆ ಗೋಡೆಯ ಹತ್ತಿರ ಮಾತ್ರ ನೆಡಬೇಡಿ.